ಲಿಫ್ಟ್ ಪಕ್ಕದ ಗೋಡೆ

ಅತ್ತಿಗುಪ್ಪೆಯ ಅನಘಾ ಕಟ್ಟಡಗಳ ಭಾರದ ಲೆಕ್ಕ ಹಾಕುವ ಇಂಜಿನಿಯರು. ಸಹಿ ಹಾಕಿ ಕಳಿಸಿದ ನಕ್ಷೆಯನ್ನೂ ಮತ್ತೆ ತೆರೆದು ನೋಡುವ ಜಾಯಮಾನ.

ಅನ್ನಪೂರ್ಣೇಶ್ವರಿ ನಗರದಲ್ಲಿ ಕಾಂತರಾಜು ಎಂಬವರು ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದರು; ಅದರ ಲೆಕ್ಕ ಅನಘಾಳದು. ಲಿಫ್ಟ್ ಪಕ್ಕದಲ್ಲಿ ಎಂಟಡಿ ಉದ್ದದ ಶಿಯರ್ ವಾಲ್ ಬರಬೇಕಿತ್ತು. ಭೂಕಂಪದಲ್ಲಿ ಕಟ್ಟಡ ಅತ್ತಿತ್ತ ವಾಲದಂತೆ ತಡೆಯುವ ಕಾಂಕ್ರೀಟ್ ಗೋಡೆ. ಪಾಯ ಮುಗಿದ ಮೇಲೆ ಕಾಂತರಾಜು ಫೋನ್ ಮಾಡಿ, ಪಾರ್ಕಿಂಗಿಗೆ ಹೋಗಿಬರಲು ಅದರ ನಟ್ಟನಡುವೆ ನಾಲ್ಕಡಿ ಬಾಗಿಲು ಬೇಕೆಂದರು.

ಅನಘಾ ಭೂಕಂಪ ತಾಳುವ ಕಟ್ಟಡಗಳ ನಿಯಮಗಳಿರುವ ಕೋಡ್ ಪುಸ್ತಕ ತೆರೆದಳು. ಗೋಡೆ ಎನಿಸಿಕೊಳ್ಳಲು ಉದ್ದವು ದಪ್ಪದ ನಾಲ್ಕು ಪಟ್ಟಾದರೂ ಇರಬೇಕು. ದಪ್ಪ ಎಂಟಿಂಚು, ಅಂದರೆ ಉದ್ದ ಮೂವತ್ತೆರಡಿಂಚಾದರೂ ಬೇಕು. ಬಾಗಿಲು ಬಂದರೆ ಆಚೀಚೆ ಉಳಿಯುವುದು ಎರಡೆರಡೇ ಅಡಿ. ಸಾಲದು.

"ಬಾಗಿಲ ಮೇಲೆ ಬೀಮ್ ಜೋಡ್ಸುತ್ತಲ್ಲ, ಎರಡೂ ಸೇರಿ ಒಂದೇ ಗೋಡೆ ಅಂತ ಓದ್ಕೋಬಹುದು," ಎಂದರು ಆಫೀಸಿನ ಹಿರಿಯ ಗಿರಿರಾಜ್. "ಅಲ್ದೆ ನಮ್ ಬೆಂಗಳೂರಿಗೆ ಆ ಕೋಡು ಕಡ್ಡಾಯ ಅಲ್ಲಮ್ಮ."

ಅವರ ಮಾತು ಪೂರ್ತಿ ತಪ್ಪಾಗಿರಲಿಲ್ಲ. ಅದೇ ಅವಳನ್ನು ಕಾಡಿತು. ಕೋಡಿನ ಆ ಸಾಲನ್ನು ಮತ್ತೆ ಓದಿದಳು, ಎದ್ದು ಕಿಟಕಿಯವರೆಗೆ ಹೋದಳು, ಬಂದು ಕೂತಳು. ಚಹಾ ಆರಿತು. ಅಷ್ಟು ಸಣ್ಣ ಬೀಮು ನಿಜಕ್ಕೂ ಎರಡು ತುಂಡುಗಳನ್ನು ಒಂದಾಗಿಸೀತೇ? ಲೆಕ್ಕ ಹಾಕಿದಳು. ಅಲುಗಾಟ ಬಂದರೆ ಮೊದಲು ಸೀಳಿಹೋಗುವುದೇ ಅದು.

ಮರುದಿನ ಸೈಟಿಗೆ ಹೋದಳು.

"ಬೆಂಗಳೂರಲ್ಲಿ ಭೂಕಂಪ ಎಲ್ಲಿ ಮೇಡಂ ಆಗತ್ತೆ?" ಎಂದರು ಕಾಂತರಾಜು.

"ಆಗ್ದೇನೂ ಇರ್ಬಹುದು ಸಾರ್. ಆಗಲ್ಲ ಅಂತ ನಾನು ಸೈನ್ ಹಾಕಕ್ಕಾಗಲ್ಲ."

"ಮತ್ತೆ ನನ್ನ ದಾರಿ?"

ಅವಳು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಳು. ಬಾಗಿಲನ್ನು ಒಂದು ತುದಿಗೆ ಸರಿಸಿದರೆ ಇನ್ನೊಂದೆಡೆ ನಾಲ್ಕಡಿಯ ಇಡೀ ಗೋಡೆ ಉಳಿಯುತ್ತದೆ. ಅದರ ಅಂಚುಗಳಿಗೆ ಕಂಬಿ ಹೆಚ್ಚಿಸಿ, ಲಿಫ್ಟಿನ ಹಿಂದೆ ಹೊಸದಾಗಿ ಪಾಯ ತೋಡಿ ಇನ್ನೊಂದು ಗೋಡೆ ಎಬ್ಬಿಸಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಪಾರ್ಕಿಂಗಿನಲ್ಲಿ ಒಂದು ಕಾರಿನ ಜಾಗ ಹೋಗುತ್ತದೆ.

ಕಾಂತರಾಜು ಸುಣ್ಣದ ಗೆರೆಯ ಸುತ್ತ ನಡೆದರು. ಗಿರಿರಾಜ್‌ಗೆ ಫೋನ್ ಮಾಡಿದರು. ಅತ್ತ ಕಡೆಯಿಂದ, "ಅವಳ ಸೈನು, ಅವಳು ಹೇಳ್ದಂಗೆ ಮಾಡಿ," ಎಂದದ್ದು ಅನಘಾಗೂ ಕೇಳಿಸಿತು.

"ಆಯ್ತು ಬಿಡಿ," ಎಂದು ಅವರು ಮುಖ ತಿರುಗಿಸಿಕೊಂಡು ಮೇಸ್ತ್ರಿಯನ್ನು ಕರೆದರು.

ಕಾಂಕ್ರೀಟ್ ಹಾಕಿದ ದಿನ ಕಂಬಿಗಳ ಕೊಕ್ಕೆಗಳು ಒಳಕ್ಕೆ ಬಾಗಿವೆಯೇ ಎಂದು ಪ್ರತಿ ಮೂಲೆಯಲ್ಲೂ ಬಗ್ಗಿ ನೋಡಿದಳು. ಎಲ್ಲ ಸರಿಯಿತ್ತು. ಮೆಟ್ರೋದಲ್ಲಿ ಮನೆಗೆ ಬರುವಾಗ ಹಗುರ ಎನಿಸಬೇಕಿತ್ತು. ಅಷ್ಟರಲ್ಲಿ ಅದೇ ಕಟ್ಟಡದ ತಾರಸಿಯ ನೀರಿನ ಟ್ಯಾಂಕಿನ ಭಾರದ ಯೋಚನೆ ಹತ್ತಿತು.