ನೆಟ್ಟಗೆ ಹೋದ ವಿಮಾನ

ಮೊಮ್ಮಗಳು ಫೋನಿನಲ್ಲಿ ಬೆಂಗಳೂರಿಂದ ದಿಲ್ಲಿಗೆ ವಿಮಾನದ ದೂರ, ಹೊತ್ತು ತೋರಿಸಿದಳು. ನನಗೆ ನೆನಪಾಗಿದ್ದು ನಾನು ಹುಡುಗನಾಗಿದ್ದಾಗಿನ, ಮಂಡಕಳ್ಳಿ ವಿಮಾನ ನಿಲ್ದಾಣದಾಚೆಯ ನಮ್ಮ ಕೇರಿ.

ಜ್ವರದಿಂದ ಸುಡುತ್ತಿದ್ದ ತಂಗಿಯನ್ನು ಒದ್ದೆ ಸೆರಗಿನಲ್ಲಿ ಸುತ್ತಿಕೊಂಡು ಅಜ್ಜಿ ಮೈಸೂರಿನ ಆಸ್ಪತ್ರೆಗೆ ಹೊರಟಳು. ಜೊತೆಗೆ ಮಾವ, ನಾನು. ನಮ್ಮ ಕೇರಿಯವರು ಮೇಲ್ಜಾತಿಯವರ ಬೀದಿ ತುಳಿಯುವಂತಿರಲಿಲ್ಲ. ಕೆರೆಯ ಏರಿ ಬಳಸಿ ರಸ್ತೆ ಸೇರಬೇಕಿತ್ತು. ಏರಿಯ ಮೇಲೆ ನಡೆಯುತ್ತಿದ್ದಾಗ ತಲೆಯ ಮೇಲೊಂದು ವಿಮಾನ ಹೋಯಿತು.

"ಬೆಳಿಗ್ಗೆ ಹತ್ತಿದ್ರೆ ಸಂಜೆಗೆ ದಿಲ್ಲಿಯಂತೆ ಕಣವ್ವ. ನೆಟ್ಟಗೆ ಹೋಯ್ತದೆ," ಎಂದ ಮಾವ.

ಅಜ್ಜಿ ನಂಬಲಿಲ್ಲ. "ನೆಟ್ಟಗಾ? ಯಾರ ಬೀದಿ ಮ್ಯಾಲೋ? ಬುಟ್ಟಾರಾ?"

"ಆಕಾಸದಲ್ಲಿ ಯಾರ ಬೀದಿ ಅದೆ?"

"ಇವತ್ತಿಲ್ಲ. ನಾಳೆ ಅಲ್ಲೂ ಮನೆ ಕಟ್ಕತಾರೆ ಬುಡು."

ರಸ್ತೆ ಮುಟ್ಟುವಷ್ಟರಲ್ಲಿ ತಂಗಿಯ ಉಸಿರು ನಿಂತಿತ್ತು. ಜ್ವರಕ್ಕೆ ಸತ್ತಳು ಎಂದಿತು ಊರು. ಸುಳ್ಳು. ಕೊಂದದ್ದು ಸುತ್ತುದಾರಿ.

"ದಿಲ್ಲಿ ಹತ್ತಿರಾನೇ, ತಾತ," ಎಂದಳು ಮೊಮ್ಮಗಳು, ಫೋನು ನೋಡುತ್ತಾ.

"ಯಾರಿಗಮ್ಮ?" ಎಂದೆ.