ಹುಳದ ಮನೆಯ ಆರಾಧನೆ

ಮಕ್ಕಳೇ, ಇವತ್ತು ಸುಗಟೂರು ಬಸ್ಸಿನಲ್ಲಿ ಯಾರದೋ ಹಿಪ್ಪುನೇರಳೆ ಸೊಪ್ಪಿನ ಹೊರೆಯ ಪಕ್ಕ ಕೂತಿದ್ದೆ. ಆ ಹಸಿ ವಾಸನೆಗೆ ನಮ್ಮ ಸಭೆ ಹುಟ್ಟಿದ ಜಾಗ ನೆನಪಾಯಿತು.

ಆಗ ನಮಗೆ ಚರ್ಚಿನ ಕಟ್ಟಡವಿರಲಿಲ್ಲ. ಭಾನುವಾರದ ಆರಾಧನೆ ನಡೆಯುತ್ತಿದ್ದುದು ನಮ್ಮಜ್ಜಿಯ ರೇಷ್ಮೆಹುಳದ ಮನೆಯಲ್ಲೇ. ಸುತ್ತಲೂ ತಟ್ಟೆಗಳಲ್ಲಿ ಹುಳ ಸೊಪ್ಪು ಮೇಯುವ ಸದ್ದು, ನಡುವೆ ಚಾಪೆಯ ಮೇಲೆ ನಾವು. ತಂಬಾಕು ಸೋಕಿದರೆ ಹುಳ ಸಾಯುತ್ತವೆಂದು ಅಜ್ಜಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಮೂಸಿಯೇ ಒಳಗೆ ಬಿಡುತ್ತಿದ್ದಳು.

ಚಿಕ್ಕಮ್ಮನ ಮದುವೆ ಆ ಸಲದ ರೇಷ್ಮೆಗೂಡು ಮಾರಿ ಬರುವ ದುಡ್ಡನ್ನೇ ನಂಬಿಕೊಂಡಿತ್ತು. ಸಭೆಗೆ ಹೊಸದಾಗಿ ಬಂದ ಪಾದ್ರಿ ಅಯ್ಯನವರ ಕೈಯನ್ನೂ ಅಜ್ಜಿ ಮೂಸಿದಳು.

“ನಶ್ಯ ಹಾಕ್ತೀರಾ ಅಯ್ನೋರೇ?”

“ಒಂದೇ ಒಂದ್ ಚಿಟಿಕೆ ಕಣಮ್ಮಾ.”

“ಹುಳಕ್ಕೆ ಅಷ್ಟೇ ಸಾಕು. ಕಿಟಕಿ ತೆಗ್ದಿದೀನಿ, ಆಚೆಯಿಂದ್ಲೇ ಹೇಳಿ. ದೇವ್ರ ವಾಕ್ಯಕ್ಕೇನ್ ವಾಸ್ನೆ ಇಲ್ವಲ್ಲ!”

ಅಯ್ಯನವರು ಬಿಸಿಲಲ್ಲಿ ನಿಂತೇ ಪ್ರಸಂಗ ಮುಗಿಸಿದರು. ಮುಂದಿನ ಭಾನುವಾರ ಕೇಳುವ ಮೊದಲೇ ಎರಡೂ ಕೈ ಚಾಚಿದರು. ಅಜ್ಜಿ ಮೂಸಿ, “ಬರೀ ಸೋಪಿನ ವಾಸ್ನೆ, ಬನ್ನಿ ಒಳಕ್ಕೆ” ಎಂದಳು. ಗೂಡು ಗಟ್ಟಿಯಾಗಿ ಬಂತು. ಚಿಕ್ಕಮ್ಮನ ಮದುವೆಯನ್ನು ಅದೇ ಅಯ್ಯನವರು ಮಾಡಿಸಿದರು.

ಅದೇ ಜಾಗದಲ್ಲಿ ಈಗ ಚರ್ಚು ನಿಂತಿದೆ. ಬಾಗಿಲು ದಾಟುವಾಗ ನನ್ನ ಕೈ ಇವತ್ತಿಗೂ ತಾನಾಗಿಯೇ ಮುಂದೆ ಚಾಚುತ್ತದೆ.