ಮೇಲಿನ ತಿಳಿ

ಮರಳಿ ಎಂಬ ಊರಿನಲ್ಲಿ ಯಾರ ಮನೆಯಲ್ಲಿ ಬಾಣಂತಿಯಿದ್ದರೂ, ಯಾರ ಹೊಟ್ಟೆ ಕೆಟ್ಟು ಅನ್ನ ಸೇರದಿದ್ದರೂ ಪಕ್ಕೀರವ್ವನಿಗೆ ಕರೆ ಹೋಗುತ್ತಿತ್ತು. ಆಡಿನ ಕಾಲಿನ ಸಾರು ಅವಳ ಕೈಯಲ್ಲಿ ಆದಂತೆ ಇನ್ನೊಬ್ಬರ ಕೈಯಲ್ಲಿ ಆಗದು ಎಂದು ಊರು ಹೊಗಳುತ್ತಿತ್ತು. ಹೊಗಳುವುದಕ್ಕೆ ಊರಿಗೆ ಖರ್ಚೇನೂ ಇರಲಿಲ್ಲ.

ಹನುಮಸಾಗರದ ಕಡೆಯಿಂದ ಮದುವೆಯಾಗಿ ಬಂದಾಗ ಅವಳಿಗೆ ಹೊಟ್ಟಿನ ಒಲೆ ಗೊತ್ತಿರಲಿಲ್ಲ. ಅತ್ತೆ ಕಲಿಸಿದಳು. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಭತ್ತದ ಹೊಟ್ಟನ್ನು ಗಟ್ಟಿಯಾಗಿ ಒತ್ತಿ, ಬಾಟಲಿ ಎಳೆದು, ಕೆಳಗಿನ ತೂತಿನಿಂದ ಬೆಂಕಿ ಹಚ್ಚಬೇಕು. ಉರಿ ಏಳುವುದಿಲ್ಲ, ಒಳಗೊಳಗೇ ಸುಡುತ್ತದೆ. ಸುಟ್ಟು ಕೆರೆದ ಕಾಲು, ಬೆಳ್ಳುಳ್ಳಿ, ಮೆಣಸು, ಜೀರಿಗೆ ಹಾಕಿ ಬೆಳಿಗ್ಗೆ ಇಟ್ಟರೆ ಸಂಜೆಗೆ ಎಲುಬಿನ ಸಾರವೆಲ್ಲ ನೀರಿಗಿಳಿದು, ಬೆರಳಿಗೆ ಅಂಟುವಂಥ ತಿಳಿ ಮೇಲೆ ನಿಲ್ಲುತ್ತದೆ.

ಒಲೆಯ ಜೊತೆಗೆ ಅತ್ತೆ ಇನ್ನೊಂದನ್ನೂ ಕಲಿಸಿದಳು. ಮೇಲಿನ ತಿಳಿ ಗಂಡಸರಿಗೆ. ಉಳಿದ ಎಲುಬಿಗೆ ನೀರು ಸುರಿದು, ಕೆಂಪು ಖಾರ ಹಾಕಿ ಕುದಿಸಿದರೆ ಅದು ಹೆಂಗಸರಿಗೆ. ಬರೀ ನೀರೆಂದು ನಾಲಿಗೆಗೆ ಗೊತ್ತಾಗದಿರಲಿ ಎಂದು ಖಾರ. ನಾಟಿ ಮುಗಿಸಿ ಬಂದು, ಕಾಲಿನ ಕೆಸರು ತೊಳೆದು, ಪಕ್ಕೀರವ್ವ ವರ್ಷಗಟ್ಟಲೆ ಆ ಖಾರವನ್ನೇ ಉಂಡಳು. ಸೊಸೆ ದಾನೇಶ್ವರಿ ಬಂದಾಗ ಎರಡನ್ನೂ ಅವಳಿಗೆ ಕಲಿಸಿದಳು.

ಈ ಮಳೆಗಾಲದಲ್ಲಿ ಪಕ್ಕೀರವ್ವ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಹುಣ್ಣಾಗಿದೆ, ಖಾರ ಮುಟ್ಟಬೇಡ, ತೆಳ್ಳಗಿನದು ಕುಡಿ ಎಂದರು ಗಂಗಾವತಿಯ ಡಾಕ್ಟರು. ಏನು ತಿಂದರೂ ಉರಿ, ತಿನ್ನದಿದ್ದರೆ ತಲೆಸುತ್ತು. ಅವಳ ಜೀವ ಕೇಳಿದ್ದು ಒಂದೇ, ಒಂದು ಬಟ್ಟಲು ತಿಳಿ.

ಐತವಾರ ಮಾಂಸದಂಗಡಿಯ ಶಾಹಜಾದಬಿ ತಾನೇ ಕಾಲು ತಂದುಕೊಟ್ಟಳು. "ಇವು ನಿನಗಂತ ತಂದೀನಿ ಅಕ್ಕಾ. ಊರಿಗೆಲ್ಲ ಕುಡಿಸಿದಾಕಿ, ಈ ಸಲ ನೀ ಕುಡಿ."

ದಾನೇಶ್ವರಿ ಒಲೆ ತುಂಬಿದಳು. ಪಕ್ಕೀರವ್ವ ಪಡಸಾಲೆಯಲ್ಲಿ ಮಲಗಿದ್ದಲ್ಲಿಂದಲೇ ಕೂಗಿದಳು: "ಹೊಟ್ಟು ಗಟ್ಟಿ ಒತ್ತವ್ವಾ, ಸಡಲ ಬಿಟ್ರ ಭಗ್ ಅಂತೈತಿ."

"ಒತ್ತೀನ್ರಿ ಅತ್ತಿ. ಅಲ್ಲಿಂದನ ಒಲಿ ಊದಬ್ಯಾಡ್ರಿ, ಸುಮ್ನ ಮಲಕೋರಿ."

ಪಕ್ಕೀರವ್ವ ನಕ್ಕಳು. ಹಗಲೆಲ್ಲ ಮನೆ ತುಂಬ ಸಾರಿನ ವಾಸನೆ. ಬಡಿಸುವವಳಾಗಿ ಅಲ್ಲದೆ ಕುಡಿಯುವವಳಾಗಿ ಅದನ್ನು ಮೂಸಿದ್ದು ಅದೇ ಮೊದಲು. ಕಾಯುತ್ತ ಕಾಯುತ್ತ ಕಣ್ಣು ಹತ್ತಿತು.

ಎಚ್ಚರಾದದ್ದು ಗಂಡ ಹುಚ್ಚೀರಪ್ಪ ಸೊರ್ರೆಂದು ಕುಡಿಯುವ ಸದ್ದಿಗೆ.

"ಛಲೋ ಆಗೈತಿ! ನಿಮ್ಮತ್ತಿ ಕೈ ಬಂತು ನೋಡು ನಿನಗ. ಇನ್ನೊಂದೀಟು ಹಾಕು. ಗೌತಮಗೂ ಹಾಕು." ಮಗ ಆಗಲೇ ಬಟ್ಟಲು ಮುಂದೆ ಚಾಚಿದ್ದ.

ಅವರೆದ್ದ ಮೇಲೆ ದಾನೇಶ್ವರಿ ಅತ್ತೆಗೆ ಬಟ್ಟಲು ತಂದಳು. ಕೆಂಪಗಿತ್ತು.

"ತಿಳಿ ಎಲ್ಲೈತಿ?"

"ಮಾವಾರಿಗೆ, ಇವರಿಗೆ ಹಾಕಿದೆನ್ರಿ. ನೀವ ಕಲಿಸಿದ್ರಲ್ರೀ..." ಸೊಸೆ ಬಟ್ಟಲನ್ನೇ ನೋಡಿದಳು. "ಅಯ್ಯ ನಮ್ಮವ್ವಾ! ಕೈ ತಾನ ಖಾರ ಹಾಕಿಬಿಡ್ತರಿ ಅತ್ತಿ."

ಬಾಯಿ ಒರೆಸಿಕೊಳ್ಳುತ್ತ ಹುಚ್ಚೀರಪ್ಪ ಹೇಳಿದ: "ಅದನ್ನೇನ ದೊಡ್ಡದು ಮಾಡ್ತೀರಿ? ಅದೂ ಅದ ಕಾಲಿನ ಸಾರಲ್ಲ? ಒಂದೀಟು ನೀರು ಬೆರಸಿ ಕುಡಿ."

ಹಸಿವು ಕಾಯಲಿಲ್ಲ. ಪಕ್ಕೀರವ್ವ ನೀರು ಬೆರೆಸಿ ಕುಡಿದಳು. ಆಮೇಲೆ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು.

ಮರುದಿನ ಚಹಾದಂಗಡಿಯಲ್ಲಿ ಹುಚ್ಚೀರಪ್ಪ ಹೇಳುತ್ತಿದ್ದ: "ಕಾಲಿನ ಸಾರೂ ಮಾಡಿಸಿ ಕುಡಿಸಿದ್ವಿ ನೋಡ್ರಿ. ಹೆಂಗಸರ ಬ್ಯಾನಿ, ಏನ್ ಮಾಡಿದ್ರೂ ಅಷ್ಟ."

ಅಷ್ಟೊತ್ತಿಗೆ ಶಾಹಜಾದಬಿ ಅವನ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ಕುಡದೇನ ಅಕ್ಕಾ? ಹೆಂಗಿತ್ತು?"

ಮುಸುರೆ ತಿಕ್ಕುತ್ತಿದ್ದ ದಾನೇಶ್ವರಿಯ ಕೈ ನಿಂತಿತು.

"ಕುಡದೆ. ಛಲೋ ಇತ್ತು" ಎಂದಳು ಪಕ್ಕೀರವ್ವ. ಶಾಹಜಾದಬಿ ಹೊರಟಾಗ ಮತ್ತೆ ಕರೆದಳು. "ಬರೋ ಐತವಾರಕ್ಕೂ ಕಾಲು ತಗದಿಡವ್ವಾ. ನಮ್ಮ ಮನಿಯವರಿಗೆ ಭಾಳ ಹಿಡಿಸ್ಯಾವ."